ಸರಪಳಿಯ ಕೊನೆಯ ಕೊಂಡಿ

ಪಾಠದ ನಡುವೆ ತಮ್ಮ ಗುರುವಿನ ಹೆಸರು ಹೇಳಲು ಮಾವನವರು ಬಾಯಿ ತೆರೆದರು, ಬೇರೆಯೇ ಹೆಸರಿನ ಮೊದಲ ಅಕ್ಷರ ಹೊರಟಿತು. ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಮಗಳು ಕೆಮ್ಮಿದಳು. ಮಾವನವರು ಬಾಯಿ ಮುಚ್ಚಿದರು. ಸ್ವಲ್ಪ ತಡೆದು ಮತ್ತೆ ತೆರೆದಾಗ ಸರಿಯಾದ ಹೆಸರೇ ಹೊರಬಂತು. ಎದುರಿಗೆ ಕುಳಿತಿದ್ದ ಅಳಿಯನ ಕಿವಿಗಳು ನೆಟ್ಟಗಾದವು.

ಅವನ ಹೆಂಡತಿಗೆ ನೆಗಡಿ ಇರಲಿಲ್ಲ. ಅಡುಗೆಮನೆಯ ಒಗ್ಗರಣೆ ಘಾಟಿಗೂ ಕೆಮ್ಮದ ಹೆಂಗಸು. ಅಪ್ಪನ ಪಾಠದ ಹೊತ್ತಿಗೆ ಮಾತ್ರ ಗಂಟಲು ಕೆರೆಯುವ ಇದೆಂಥ ಕಾಯಿಲೆ ಎಂದು ಅವನು ಅವಳನ್ನೇ ದಿಟ್ಟಿಸಿ ನೋಡಿದ. ಅವಳು ತಲೆಯೆತ್ತದೆ ಹೆಣಿಗೆ ಮುಂದುವರಿಸಿದಳು.

ಅನುಮಾನಪಡುವುದೇ ಅವನ ಕಸುಬು. ಇದು ಪ್ರವಾದಿಯವರ ಮಾತು ಎಂದು ಯಾರಾದರೂ ಒಂದು ಹದೀಸ್ ಹೇಳಿದರೆ, ನಿಮಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಒಬ್ಬೊಬ್ಬರನ್ನೇ ಹಿಡಿದು ಹಿಂದಕ್ಕೆ ಹೋಗಿ, ಆ ಸರಪಳಿಯ ಕೊಂಡಿ ಕೊಂಡಿಯನ್ನೂ ಜಗ್ಗಿ ನೋಡಬೇಕು. ಈ ಮನುಷ್ಯನ ನೆನಪು ಗಟ್ಟಿಯಿತ್ತೆ? ಪೇಟೆಯಲ್ಲಿ ವ್ಯಾಪಾರಕ್ಕೆಂದಾದರೂ ಸುಳ್ಳಾಡಿದ್ದನೆ? ಮುಪ್ಪಿನಲ್ಲಿ ಬುದ್ಧಿ ಮಂಕಾಗಿತ್ತೆ? ಒಂದು ಕೊಂಡಿ ಸಡಿಲವಾಗಿದ್ದರೂ ಆ ಮಾತನ್ನು ನೆಚ್ಚುವಂತಿಲ್ಲ. ಇದನ್ನೆಲ್ಲ ಕಲಿಸಿದವರು ಇದೇ ಮಾವ. "ನಿನ್ನಪ್ಪನೇ ಆದ್ರೂ ದಾಕ್ಷಿಣ್ಯ ಬೇಡ, ಹಿಂದಿನವರು ಯಾರ ಮುಖಾನೂ ನೋಡಿಲ್ಲ" ಎಂದು ಬೆರಳಾಡಿಸಿ ಹೇಳುತ್ತಿದ್ದರು. ಅಪ್ಪನ ವಿಷಯ ಸರಿ. ಹೆಣ್ಣು ಕೊಟ್ಟ ಮಾವನ ಬಗ್ಗೆ ಅವರೇನೂ ಹೇಳಿರಲಿಲ್ಲ.

ಭಾನುವಾರ ದೂರದಿಂದ ವಿದ್ಯಾರ್ಥಿಗಳು ಬರುವವರಿದ್ದರು. ಮಾವನವರ ಬಾಯಿಂದಲೇ ಕೇಳಿ, ಅವರನ್ನು ತಮ್ಮ ಸರಪಳಿಗೆ ಸೇರಿಸಿಕೊಂಡು, ನಾಳೆ ತಮ್ಮ ಶಿಷ್ಯರಿಗೆ ದಾಟಿಸುವವರು. ಮುದುಕರು ತಪ್ಪಿದರೆ ಆ ತಪ್ಪು ಪ್ರವಾದಿಯವರ ಹೆಸರು ಹೊತ್ತು ಊರೂರು ತಿರುಗುತ್ತದೆ. ಮಾವ ಎದ್ದರೆ ಅವರು ಪಾಠ ಹೇಳುವ ಕುರ್ಚಿ ತನಗೇ ಬರುತ್ತದೆ ಎಂಬುದೂ ನೆನಪಾಗದೆ ಇರಲಿಲ್ಲ. ಆಗ ತನ್ನ ಮೇಲೂ ಒಂದು ಅನುಮಾನ ಇಣುಕಿತು. ಅದೊಂದನ್ನು ಮಾತ್ರ ಅವನು ಜಗ್ಗಿ ನೋಡಲು ಹೋಗಲಿಲ್ಲ.

ಮರುದಿನ ಪಾಠಕ್ಕೆ ಮೊದಲು ಹೆಂಡತಿಗೆ ಹೇಳಿದ: "ನಿಮ್ಮ ಚಿಕ್ಕಮ್ಮ ಫೋನ್ ಮಾಡಿದ್ರು. ಮೈಗೆ ಹುಷಾರಿಲ್ವಂತೆ. ಒಂದ್ಸಲ ಹೋಗಿ ನೋಡ್ಕೊಂಡು ಬಾ."

"ನನಗೆ ಮಾಡದೆ ನಿಮಗ್ಯಾಕೆ ಮಾಡಿದ್ರು?"

"ನೀನು ಬಚ್ಚಲಲ್ಲಿದ್ದೆ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಣಿಗೆಯನ್ನು ಕುರ್ಚಿಯ ಮೇಲೆ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಟಳು. ಮಾವನವರು ಕಿಟಕಿಯ ಬಳಿ ಕನ್ನಡಕ ಒರೆಸುತ್ತಿದ್ದರು.

ಅವನು ಎದುರಿಗೆ ಕುಳಿತ. ಪರೀಕ್ಷಿಸುವುದಕ್ಕೆ ಈ ವಿದ್ಯೆಯಲ್ಲಿ ಹಳೆಯ ಉಪಾಯವೊಂದಿದೆ: ಒಂದು ಹದೀಸ್‌ಗೆ ಇನ್ನೊಂದರ ಸರಪಳಿ ಕಟ್ಟಿ, ಹೇಳುವವನ ಮುಂದಿಡುವುದು. ನೆನಪು ಗಟ್ಟಿಯಿದ್ದವನು ಥಟ್ಟನೆ ತಡೆಯುತ್ತಾನೆ. ಇಲ್ಲದವನು ತಲೆಯಾಡಿಸುತ್ತಾನೆ.

"ಮಾವ, ಅತಿಥಿ ಸತ್ಕಾರದ ಹದೀಸ್ ನಿಮಗೆ ಗಡಿಯಾರದ ಗುರುಗಳು ಹೇಳಿದ್ದಲ್ವಾ?"

ಅಲ್ಲ. ಅದನ್ನು ಹೇಳಿದವರು ಕಣ್ಣಿಲ್ಲದ ಗುರುಗಳು. ಗಡಿಯಾರ ರಿಪೇರಿ ಮಾಡುತ್ತಿದ್ದ ಗುರುಗಳಿಂದ ಬಂದದ್ದು ನೆರೆಯವನ ಹಸಿವಿನ ಹದೀಸ್. ಇದನ್ನು ಮಾವನವರೇ ಅವನಿಗೆ ಬಾಯಿಪಾಠ ಮಾಡಿಸಿದ್ದರು. ಈಗ ಅವರು ಮಗಳ ಕುರ್ಚಿಯ ಕಡೆ ನೋಡಿದರು. ಅಲ್ಲಿ ಉಣ್ಣೆಯ ಉಂಡೆ ಇತ್ತು. ಕೆಮ್ಮು ಬರುತ್ತದೇನೋ ಎಂಬಂತೆ ಕಾದರು.

"ಹೂಂ" ಎಂದರು ಕೊನೆಗೆ. "ಗಡಿಯಾರದವರೇ. ಅಂಗಡೀಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡೇ ಹೇಳಿದ್ರು. ನಿನ್ನೆ ಮೊನ್ನೆ ಆದ ಹಾಗಿದೆ."

ಆ ಭೂತಗನ್ನಡಿ ಅವನ ಎದೆಗೆ ಚುಚ್ಚಿತು. ಬರೀ ಹೂಂ ಅಂದಿದ್ದರೆ ಆಯಾಸ ಎನ್ನಬಹುದಿತ್ತು; ಇದು ನಡೆಯದೇ ಇದ್ದುದರ ನೆನಪು. ಗೆದ್ದೆನೆಂದು ಅವನಿಗೆ ಒಂದಿಷ್ಟೂ ಅನಿಸಲಿಲ್ಲ.

ಹೆಂಡತಿ ಹೋದಷ್ಟೇ ವೇಗದಲ್ಲಿ ವಾಪಸು ಬಂದಳು. ಮೂಗಿನ ತುದಿ ಕೆಂಪಾಗಿತ್ತು.

"ಚಿಕ್ಕಮ್ಮ ಏಣಿ ಹತ್ತಿ ಕಿಟಕಿ ತೊಳೀತಿದ್ರು. ಫೋನೂ ಇಲ್ಲ, ಗೀನೂ ಇಲ್ಲ. ನನ್ನನ್ನ ಸಾಗಹಾಕಿ ಅಪ್ಪನ್ನ ಪರೀಕ್ಷೆ ಮಾಡಿದ್ರಾ? ಅಷ್ಟು ಅವಸರಾನಾ ನಿಮಗೆ, ಆ ಕುರ್ಚಿಗೆ?"

"ನೀನು ಕೆಮ್ಮಿ ಕೆಮ್ಮಿ ಅವರನ್ನ ಕಾಯ್ತಿದ್ದದ್ದು ಸರೀನಾ? ಕೇಳೋರಿಗೆ ಮೋಸ ಅಲ್ವಾ ಅದು?"

"ಅಪ್ಪ ಕಣ್ರೀ ಅವರು. ನಾಲ್ಕು ಜನರ ಮುಂದೆ ತಡವರಿಸೋದನ್ನ ನೋಡ್ಕೊಂಡು ಕೂರಲಾ?"

ಮಾವನವರು ಕನ್ನಡಕ ಹಾಕಿಕೊಂಡರು. "ಏನಪ್ಪಾ, ನಾನು ಹೂಂ ಅಂದದ್ದು ತಪ್ಪಾ?"

ಇಲ್ಲ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. "ತಪ್ಪು ಮಾವ. ಅದು ಕಣ್ಣಿಲ್ಲದ ಗುರುಗಳದ್ದು."

ಮುದುಕರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಮಗಳು ಅವರ ಹೆಗಲ ಮೇಲೆ ಕೈಯಿಟ್ಟಳು.

"ಹಾಗಾದ್ರೆ ಭಾನುವಾರ ಬಂದೋರಿಗೆ ಹೇಳಿಬಿಡು. ಮುಚ್ಚಿಡಬೇಡ" ಎಂದರು. ಆಮೇಲೆ ಹಳೆಯ ಪಾಠದ ದನಿಯಲ್ಲಿ, "ಅದಿರಲಿ, ಪೇಟೇಲಿ ಸುಳ್ಳು ಹೇಳಿದವನು ಹದೀಸ್ ಹೇಳಿದ್ರೆ ಏನು ಮಾಡ್ತೀವಿ?"

"ತಗೊಳ್ಳಲ್ಲ, ಮಾವ."

"ಮನೇಲಿ ಸುಳ್ಳು ಹೇಳಿದವನದ್ದು?"

ಅವನು ಕುರ್ಚಿಯ ಮೇಲಿನ ಉಣ್ಣೆಯ ಉಂಡೆ ಎತ್ತಿ ಹೆಂಡತಿಯ ಕೈಗೆ ಕೊಟ್ಟ.

ಭಾನುವಾರ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೊರಕೋಣೆಯಲ್ಲಿ ಕುಳಿತರು. ಮಾವನವರ ಕುರ್ಚಿ ಖಾಲಿ ಇತ್ತು. ಅವನು ನಿಂತುಕೊಂಡೇ ಹೇಳಿದ: ಮಾವನವರ ನೆನಪು ಕೈಕೊಟ್ಟಿದೆ, ಇನ್ನು ಅವರಿಂದ ತೆಗೆದುಕೊಳ್ಳಬಾರದು. ಒಬ್ಬ ಕಣ್ಣೊರೆಸಿಕೊಂಡ.

ಅವರಲ್ಲಿ ಹಿರಿಯನಾದವನು ಕುರ್ಚಿಯನ್ನೂ ಅವನನ್ನೂ ನೋಡಿದ. "ನೀವು ಅವರು ಗಟ್ಟಿಯಿದ್ದಾಗಲೇ ಕೇಳಿದವರು. ನಿಮ್ಮಿಂದಲೇ ತಗೋತೀವಿ. ಕೇಳೋದು ನಮ್ಮ ಪದ್ಧತಿ, ತಪ್ಪು ತಿಳ್ಕೋಬೇಡಿ: ಸುಳ್ಳಾಡಿದ್ರು ಅನ್ನೋ ದೂರೇನೂ ನಿಮ್ಮ ಮೇಲೆ ಇಲ್ಲ ತಾನೇ?"

ಒಳಗಿನ ಕೋಣೆಯಲ್ಲಿ ಹೆಣಿಗೆ ಕಡ್ಡಿಗಳ ಸದ್ದು ನಿಂತಿತು.

ಅವನು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಬಾಯಿ ತೆರೆದ. ಪರದೆಯ ಆಚೆಯಿಂದ ಒಂದು ಒಣ ಕೆಮ್ಮು ಕೇಳಿಸಿತು. ಅವನು ಬಾಯಿ ಮುಚ್ಚಿದ.