ಶ್ರೈವ್ ಎಂಬ ಮಾತು

ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನಮ್ಮ ಮಗಳು ಬೆನಿಟಾ ೧೯೫೮ರಲ್ಲಿ ನ್ಯುಮೋನಿಯಾದಿಂದ ಅಲ್ಲಿಯೇ ತೀರಿಕೊಂಡಳು. ಮೊದಲು ತಂತಿ ಬಂತು. ಎರಡು ವಾರದ ಮೇಲೆ ಅವಳ ಜೊತೆಗಾರ್ತಿ ಬರೆದ ಕಾಗದ ಫಳ್ನೀರಿನ ನಮ್ಮ ಮನೆಗೆ ತಲುಪಿತು. ಶನಿವಾರ ಪಾದ್ರಿಯೊಬ್ಬರು ಬಂದು ಬೆನಿಟಾಳನ್ನು ‘ಶ್ರೈವ್’ ಮಾಡಿದರು, ಭಾನುವಾರ ಬೆಳಿಗ್ಗೆ ಅವಳು ಹೋದಳು ಎಂದು ಅದರಲ್ಲಿತ್ತು. ಮೂವತ್ತು ವರ್ಷ ಹಂಚಿನ ಕಾರ್ಖಾನೆಯ ಗುಮಾಸ್ತನಾಗಿದ್ದರೂ ಆ ಇಂಗ್ಲಿಷ್ ಮಾತು ನಾನು ಕಂಡದ್ದಲ್ಲ.

"ಎಂತ ಮಾಡಿದರಂತೆ?" ಎಂದಳು ಹೆಂಡತಿ ರೊಸಾಲಿನ್.

"ಗೊತ್ತಿಲ್ಲ."

"ಕುಮ್ಸಾರ್ ಕೇಳಿದರು ಅಂತ ಯಾಕೆ ಬರೆಯಲಿಲ್ಲ? ಕೇಳದೆ ಹೋದರೋ ಏನೋ."

ಪಾಪನಿವೇದನೆಗೆ ನಾವು ಕುಮ್ಸಾರ್ ಎನ್ನುತ್ತೇವೆ. ಅದಿಲ್ಲದೆ ಸತ್ತ ಆತ್ಮದ ಗತಿ ನೆನೆದು ಅವಳು ಊಟ ಬಿಟ್ಟಳು. ನಮ್ಮ ಪಾದ್ರಿಯವರನ್ನು ಕೇಳೋಣವೆಂದರೆ ಒಪ್ಪಲಿಲ್ಲ. ಕೆಟ್ಟ ಅರ್ಥವಿದ್ದರೆ ಇಗರ್ಜಿಗೆಲ್ಲ ತಿಳಿಯುತ್ತದಲ್ಲ ಎಂದಳು.

ಮರುದಿನ ಕಂಕನಾಡಿಯ ಚಿತ್ತರಂಜನ ಮಾಸ್ತರರ ಮನೆಗೆ ಹೋದೆ. ಅವರು ಹಿಂದೂಗಳು, ಇಗರ್ಜಿಗೆ ಮಾತು ಹೋಗದು; ಅವರಲ್ಲಿ ದಪ್ಪ ನಿಘಂಟೂ ಇತ್ತು.

"ಪಾಪ ಒಪ್ಪಿಕೊಂಡವರಿಗೆ ಕ್ಷಮೆ ಕೊಡುವುದು ಅಂತ ಉಂಟು," ಎಂದರು. "ನಿಮ್ಮ ಪಾದ್ರಿಗಳು ಇದನ್ನು ನಿಂತಲ್ಲೇ ಹೇಳ್ತಿದ್ದರು ಪೊರ್ಬುಗಳೇ. ನೀವು ಭಜನೆಯವನ ಹತ್ತಿರ ಬಂದಿರಿ." ಊರಲ್ಲಿ ನಮ್ಮ ಕ್ರಿಸ್ತುವರನ್ನು ಪೊರ್ಬುಗಳು ಎನ್ನುತ್ತಾರೆ.

ನಾನು ಅಲ್ಲೇ ಬೆಂಚಿನ ಮೇಲೆ ಕುಳಿತೆ.

"ಮೂಲ ಲ್ಯಾಟಿನ್. ಬರೆಯುವುದು ಅಂತ," ಎಂದು ಮಾಸ್ತರರು ಮುಂದೆ ಓದಿದರು.

"ಬರೆಯುವುದಾ? ಕುಮ್ಸಾರಿನಲ್ಲಿ ಯಾರೂ ಬರೆಯುವುದಿಲ್ಲ ಮಾಸ್ತರೇ. ಅವಳ ಪಾಪಗಳನ್ನು ಬರೆದಿಟ್ಟರಾ?"

"ಪಾಪ ಅಲ್ಲ ಮಾರಾಯ್ರೆ, ಪ್ರಾಯಶ್ಚಿತ್ತ. ಇಷ್ಟು ಮಾಡು ಅಂತ ವಿಧಿಸುವುದು. ಡಾಕ್ಟರು ಮದ್ದು ಬರೆದ ಹಾಗೆ."

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ರೊಸಾಲಿನ್ ಶಿಲುಬೆಯ ಗುರುತು ಮಾಡಿ ಗಂಜಿ ಬಡಿಸಿಕೊಂಡಳು. ತುತ್ತು ಎತ್ತುವಾಗ ಕೈ ನಿಂತಿತು.

"ಪ್ರಾಯಶ್ಚಿತ್ತ ಎಷ್ಟು ಕೊಟ್ಟರಂತೆ?"

"ಅದು ನಿಘಂಟಿನಲ್ಲಿ ಇಲ್ಲ."

"ಒಂದು ರಾತ್ರಿಯಲ್ಲಿ ಮುಗಿಸಿದಳಾ ಅವಳು?"

ಬೆನಿಟಾಳ ಅಭ್ಯಾಸ ನೆನಪಾಯಿತು. ಚಿಕ್ಕಂದಿನಲ್ಲಿ ಅವಳು ಪಾದ್ರಿಗಳು ಪ್ರಾಯಶ್ಚಿತ್ತಕ್ಕೆ ಇಷ್ಟೆಂದು ಕೊಟ್ಟ ‘ನಮಾನ್ ಮರಿಯೆ’ ಪ್ರಾರ್ಥನೆಗಳನ್ನು ಇಗರ್ಜಿಯಲ್ಲಿ ಹೇಳುತ್ತಿರಲಿಲ್ಲ. ಮನೆಯ ದಾರಿಯಲ್ಲಿ ಹೇಳುತ್ತಾ ಬರುವಳು. ಮೀನು ಮಾರುವ ಅಕ್ಕು ಎದುರಾದರೆ ಮಾತಿಗೆ ನಿಂತು, ಹೇಳಿದ್ದು ಮೂರೋ ನಾಲ್ಕೋ ಎಂದು ನನ್ನನ್ನೇ ಕೇಳುವಳು.

"ಉಳಿದಿದ್ದರೆ ನಾವು ಹೇಳುವ," ಎಂದಳು ರೊಸಾಲಿನ್.

ನಮ್ಮ ಪ್ರಾರ್ಥನೆ ಅವಳ ಲೆಕ್ಕಕ್ಕೆ ಸಲ್ಲುತ್ತದೆಯೋ ಇಲ್ಲವೋ, ನನಗೆ ತಿಳಿಯದು. ಮೊಣಕಾಲೂರಿದೆವು. ಹತ್ತಾಯಿತು, ಐವತ್ತಾಯಿತು. ಎಲ್ಲಿ ನಿಲ್ಲಿಸಬೇಕೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಕೊನೆಗೆ ರೊಸಾಲಿನ್ ಎದ್ದು, ಆರಿದ ಗಂಜಿಯನ್ನು ಪೂರ್ತಿ ಉಂಡಳು. ನಾನು ಮುಂದುವರಿಸಿದೆ.