ಬೆಲ್ಟಿನ ಮೇಲೆ ಕೈ

"ಏನು ಕೇಳ್ತಾ ಇದೀಯೋ ಬೋಳಿಮಗನೆ, ನಿನ್ನ ಭಾವ ಏನಾದ್ರೂ ಮಾತಾಡ್ತಿದಾನಾ?" ಎಂದ ಇನ್‌ಚಾರ್ಜ್.

ಕ್ರೇನಿನ ಎಂಜಿನ್ ಓಡುತ್ತಿತ್ತು. ನಾನು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಗೆ ಕಿವಿ ಕೊಟ್ಟು ನಿಂತಿದ್ದೆ. ಒಳಗಿನ ಸವೆತವನ್ನು ಹೀಗೆ ಕೇಳಬೇಕೆಂದು ಕಲಿಸಿದ್ದು ಭಾವನೇ. ಬೇರಿಂಗಿನ ಸದ್ದಿನ ಹಿಂದೆ ಇನ್ನೊಂದು ಸದ್ದಿತ್ತು, ಯಾರೋ ಗಂಟಲು ಸರಿ ಮಾಡಿಕೊಂಡ ಹಾಗೆ. ಮಾತು ಶುರು ಮಾಡುವ ಮೊದಲು ಭಾವ ಹಾಗೆ ಮಾಡುತ್ತಿದ್ದ. ಎಂಜಿನ್ ನಿಲ್ಲಿಸಿದ ಮೇಲೂ ಅದು ಒಂದು ಗಳಿಗೆ ಕಿವಿಯಲ್ಲೇ ಉಳಿಯಿತು.

ಮೂರು ತಿಂಗಳ ಹಿಂದೆ, ಇದೇ ಎಂಜಿನ್ ಬಾಗಿಲಲ್ಲಿ ಬಗ್ಗಿ ಫ್ಯಾನ್ ಬೆಲ್ಟಿನ ಬಿಗಿ ನೋಡುತ್ತಿದ್ದಾಗ, ಎಂಜಿನ್ ಚಾಲೂ ಆಗಿ ಭಾವ ಸತ್ತ. ಮಧ್ಯಾಹ್ನದೊಳಗೆ ಮೇಲಿಂದ ಪೈಪ್ ಹಿಡಿದು ತೊಳೆದರು, ಸಂಜೆ ಪಾಳಿಗೆ ಕ್ರೇನ್ ಲೋಡ್ ಎತ್ತಿತು. ಕ್ರೇನಿಗೆ ಇರುವುದು ಒಂದೇ ಕೀಲಿ, ಸತ್ತವನು ಅದನ್ನು ಸ್ವಿಚ್ಚಿನಲ್ಲೇ ಬಿಟ್ಟಿದ್ದ, ಗೊತ್ತಿಲ್ಲದೆ ಆಪರೇಟರ್ ತಿರುಗಿಸಿದ ಎಂದು ಕಂಪನಿ ವರದಿ ಬರೆಯಿತು. ಆಪರೇಟರ್ ಸಹಿ ಹಾಕಿದ. ಅವನ ಉದ್ದ ಕತ್ತಿಗೆ ನಾವಿಟ್ಟ ಹೆಸರು ಕೊಕ್ಕರೆ.

ಆಮೇಲೆ ಹಾಜರಿ ಗೋಡೆಯ ಮೇಲೆ ಭಾವನ ಫೋಟೋ ಬಂತು. ಕೆಳಗೆ ಕೆಂಪಕ್ಷರದಲ್ಲಿ: ಕೀಲಿ ತೆಗೆಯದವನ ಗತಿ. ದಿನಾ ಬೆಳಗ್ಗೆ ಸಾಲಾಗಿ ನಿಲ್ಲಿಸಿ ಅದನ್ನು ನಮ್ಮಿಂದ ಗಟ್ಟಿಯಾಗಿ ಓದಿಸುತ್ತಾರೆ. ಅಂಗಳ ಗುಡಿಸುವ ಅಕ್ಕನೂ ಗಂಡನ ಮುಖ ನೋಡಿಕೊಂಡು ಓದಬೇಕು. ಒಂದು ದಿನ ಅವಳ ತುಟಿ ಅಲ್ಲಾಡಲಿಲ್ಲ. ಇನ್‌ಚಾರ್ಜ್ ಅವಳೊಬ್ಬಳಿಂದಲೇ ಮೂರು ಸಲ ಓದಿಸಿದ. ತಪ್ಪು ಭಾವನದೇ ಆದ್ದರಿಂದ, ಅವನ ಹೆಸರಿನಲ್ಲಿದ್ದ ಕಂಪನಿ ಕೋಣೆಯನ್ನು ಈ ಭಾನುವಾರದೊಳಗೆ ಬಿಡಬೇಕೆಂದು ಅವಳಿಗೆ ಚೀಟಿ ಬಂದಿತ್ತು.

ಭಾವ ಕೀಲಿ ಬಿಡುವ ಆಸಾಮಿಯಲ್ಲ. ಬೂಟಿನ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೇ ಬಗ್ಗುತ್ತಿದ್ದ. ಎತ್ತಿಗೆ ಗಂಟೆ ಕಟ್ಟಿದ ಹಾಗಿದೆ ಎಂದು ನಾವು ಆಡಿಕೊಂಡರೆ, ಗಂಟೆ ಇದ್ದರೇ ನಾನು ಮನೆ ಸೇರೋದು ಕಣ್ರೋ ಎನ್ನುತ್ತಿದ್ದ. ಆದರೆ ಅವನ ಮೈ ಮೇಲೆ ಕೀಲಿ ಸಿಕ್ಕಿರಲಿಲ್ಲ. ನನಗೂ ಒಮ್ಮೊಮ್ಮೆ ಅನುಮಾನ ಬಂದಿತ್ತು. ಅದನ್ನು ಅಕ್ಕನಿಗೆ ಹೇಳಿರಲಿಲ್ಲ.

ಈಗ ಕೀಲಿ ನನಗೆ ಕೊಡಿ ಎಂದು ಕೇಳಿದೆ. ಆಯಿಲ್ ಬದಲಿಸೋಕೆ ಇವನಿಗೆ ಮೆರವಣಿಗೆ ಬೇಕಂತೆ ಎಂದು ಇನ್‌ಚಾರ್ಜ್ ನಕ್ಕ. ಕೀಲಿ ಮೇಲೆ ಕ್ಯಾಬಿನ್ನಿನಲ್ಲಿ, ಕೊಕ್ಕರೆಯ ಮುಂದೆಯೇ ಉಳಿಯಿತು.

ಕೆಳಗೆ ತೂರಿದೆ. ಬಿಸಿ ಆಯಿಲ್ ಕರ್ರಗೆ ಡಬ್ಬಕ್ಕಿಳಿಯಿತು. ಫಿಲ್ಟರ್ ಬಿಚ್ಚುವಾಗ ಒಂದು ಕೈ ಒಳಗಿದ್ದರೆ ಇನ್ನೊಂದು ಚೌಕಟ್ಟನ್ನು ಹಿಡಿದೇ ಇತ್ತು. ಬೆನ್ನಿಗೆ ಯಾರೋ ಆತುಕೊಂಡು ನೋಡುತ್ತಿರುವ ಹಾಗಿತ್ತು. ಎಂಜಿನ್ ಅಡಿಯ ತಗಡಿನ ತಟ್ಟೆಯನ್ನು ಪ್ರತಿ ಸರ್ವಿಸಿಗೂ ಇಳಿಸಿ ಒರೆಸಬೇಕು, ಹೊಸ ಸೋರಿಕೆ ಕಾಣುವುದು ಆಗಲೇ. ಭಾವ ಹೋದ ಮೇಲೆ ಯಾರೂ ಇಳಿಸಿರಲಿಲ್ಲ. ಹಾಳೆಯಲ್ಲಿ ಟಿಕ್ ಹಾಕು ಸಾಕು ಎಂದು ಇನ್‌ಚಾರ್ಜ್ ನನಗೂ ಹೇಳಿದ್ದ. ನಾನು ಇಳಿಸಿದೆ.

ಎರಡು ಬೆರಳು ದಪ್ಪ ಜಿಡ್ಡು. ಅದರೊಳಗೆ ಒಂದು ಅಂಗಿ ಗುಂಡಿ. ಆಮೇಲೆ ಹರಿದ ಬೂಟಿನ ದಾರ, ಅದರಲ್ಲಿ ಕ್ರೇನಿನ ಕೀಲಿ.

ತಟ್ಟೆಯನ್ನು ಬಿಸಿಲಿಗೆ ಎಳೆದು ಅಕ್ಕನನ್ನು ಕೂಗಿದೆ. ಅವಳು ಪೊರಕೆ ಹಿಡಿದೇ ಬಂದಳು, ಸೆರಗಿನಿಂದ ದಾರ ಒರೆಸಿದಳು.

"ಈ ಗಂಟು ನಾನು ಹಾಕಿದ್ದು" ಎಂದಳು.

ಗೋಡೌನಿನ ಕೀಲಿ ಅದು, ಕೊಡು ಇಲ್ಲಿ ಎಂದು ಇನ್‌ಚಾರ್ಜ್ ಕೈ ಚಾಚಿದ. ಸ್ಪ್ಯಾನರ್, ಸರಪಳಿ ಬಿಟ್ಟು ಜನ ಒಬ್ಬೊಬ್ಬರಾಗಿ ಸುತ್ತ ಸೇರಿದರು. ನಾನು ಕೀಲಿಯನ್ನು ಅವನ ಕೈಗೆ ಕೊಡಲಿಲ್ಲ. ದಾರದ ಹರಿದ ತುದಿಗಳನ್ನು ಅವನ ಕತ್ತಿನ ಹಿಂದೆ ಬಿಗಿಯಾಗಿ ಕಟ್ಟಿದೆ. ಅವನ ಬಿಳಿ ಕಾಲರಿಗೆ ಜಿಡ್ಡು ಹತ್ತಿತು.

"ಕ್ರೇನಿಗೆ ಒಂದೇ ಕೀಲಿ ಅಂತ ನೀವೇ ಬರ್ದಿದ್ದು ಸಾಹೇಬ್ರೇ. ಈಗ ಅದು ನಿಮ್ಮ ಕೊರಳಲ್ಲಿದೆ. ಬೆಲ್ಟ್ ಬಿಗಿ ಇದ್ಯಾ, ಕೈ ಹಾಕಿ ನೋಡಿ."

ನಾಳೆಯಿಂದ ಗೇಟಿನೊಳಗೆ ಕಾಲಿಟ್ಟರೆ ಕಾಲು ಮುರಿಸುತ್ತೇನೆ ಎಂದ. ಬೈಗುಳಕ್ಕೆ ನನ್ನ ತಾಯಿಯನ್ನೂ ಎಳೆದು ತಂದ.

"ಆಯ್ತು" ಎಂದೆ. "ಕೈ ಹಾಕಿ."

ಅವನು ಎಂಜಿನ್ ನೋಡಿದ. ಆಮೇಲೆ ತಲೆಯೆತ್ತಿ ಕ್ಯಾಬಿನ್ ನೋಡಿದ. ಕೊಕ್ಕರೆ ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದ. ಮೂರು ತಿಂಗಳಿಂದ ಅವನು ನಮ್ಮ ಯಾರ ಜೊತೆಯೂ ಕೂತು ಉಂಡಿರಲಿಲ್ಲ.

"ಚಾಲೂ ಮಾಡ್ಲಾ ಸಾರ್?" ಎಂದು ಕೇಳಿದ. "ಅವತ್ತು ನೀವೇ ಇಲ್ಲಿರೋ ಈ ಇನ್ನೊಂದು ಕೀಲಿ ಕೊಟ್ಟು, ಮಾಡು ಅಂದ್ರಲ್ಲ."

ಇನ್‌ಚಾರ್ಜ್ ಎರಡೂ ಕೈ ಕತ್ತಿನ ಹಿಂದೆ ಹಾಕಿ ಗಂಟು ತಡಕಿದ. ಜಿಡ್ಡಿಗೆ ಬೆರಳು ಜಾರಿದವು. ಅಕ್ಕ ಪೊರಕೆಯನ್ನು ನೆಲಕ್ಕಿಟ್ಟು, ಎಂಜಿನ್ ಬಾಗಿಲನ್ನು ಅವನಿಗಾಗಿ ಇನ್ನಷ್ಟು ಅಗಲ ತೆರೆದು ಹಿಡಿದುಕೊಂಡು ನಿಂತಳು.