ಕ್ಯಾಲೆಂಡರಿನ ಇಪ್ಪತ್ತೆಂಟು

ಸ್ವೀಡನ್ನಿನ ಮೋಲ್ನ್‌ಡಾಲ್ ಊರಿನ ಮೇ ತಿಂಗಳ ಸಂಜೆಗೆ ಮುಗಿಯುವುದೆಂದರೇನೆಂದೇ ತಿಳಿಯದು! ಎಂಟು ದಾಟಿದರೂ ಭೂರ್ಜವೃಕ್ಷಗಳ ಎಳೆಚಿಗುರಿನ ಮೇಲೆ ಹೊಂಬೆಳಕು ಹರಿದಾಡುತ್ತಲೇ ಇರುತ್ತದೆ. ಸರೋವರದ ಮೇಲಿಂದ ಬೀಸುವ ಶೀತಲ ಮಾರುತ ಪರದೆಗಳನ್ನು ಎಳೆದಾಡುತ್ತಲೇ ಇರುತ್ತದೆ... ಆ ಚಂಚಲ ಪ್ರಕಾಶದಲ್ಲಿ ಹದಿನೈದರ ಹುಡುಗಿಯ ಮನಸ್ಸು ನೆಟ್ಟಗೆ ಕೂರಬೇಕೆಂದರೆ, ಸಹೃದಯರೇ, ಅದು ನಡೆಯುವ ಮಾತೇ?

ದಿಯಾ ಎರಡೆರಡು ಮೆಟ್ಟಿಲು ಹಾರಿ ಮನೆಗೆ ಬಂದಳು. ಅರ್ಧ ಗಂಟೆಯ ಹಿಂದೆ, ಸರೋವರತೀರದಲ್ಲಿ, ಸಹಪಾಠಿ ವಿವಾನ್ ಮೊದಲ ಬಾರಿಗೆ ಅವಳ ಕೈ ಹಿಡಿದಿದ್ದ! ಅಮ್ಮನಿಗೆ ಈಗಲೇ ಹೇಳಿಬಿಡಬೇಕೆಂದು ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಅಮ್ಮ ನಳಿನಿ ಲಕೋಟೆಯೊಂದನ್ನು ಮುಂದಿಟ್ಟಳು. ಸ್ವೀಡಿಷ್ ಕಾಗದಗಳನ್ನು ಅಮ್ಮನಿಗೆ ಓದಿ ಹೇಳುವುದು ಎಂಟನೆಯ ವಯಸ್ಸಿನಿಂದಲೂ ಮಗಳದೇ ಕೆಲಸ. ಶಾಲೆಯದಾಗಲಿ, ಕೊಮ್ಮೂನ್ ಎಂಬ ನಗರಾಡಳಿತದ್ದಾಗಲಿ, ಅವಳು ಹೇಳಿದ್ದೇ ಅರ್ಥ.

ಈ ಕಾಗದ ನ್ಯಾಯಾಲಯದ್ದು. ಕೆಲಸದ ಒತ್ತಡವೆಂದು ಎರಡು ತಿಂಗಳಿಂದ ತನ್ನ ಕಾರ್ಖಾನೆಯಿರುವ ಟೋರ್ಸ್‌ಲಾಂಡದಲ್ಲೇ ಕೋಣೆ ಹಿಡಿದಿದ್ದ ಅಪ್ಪ ನಂದಕುಮಾರ ವಿಚ್ಛೇದನ ಕೇಳಿದ್ದ. ನಳಿನಿಯ ಉತ್ತರ ಇಪ್ಪತ್ತೆಂಟನೆಯ ತಾರೀಕಿನೊಳಗೆ ತಲುಪಬೇಕಿತ್ತು.

"ಏನಂತೆ ಪುಟ್ಟಿ?"

"ಡೆಂಟಿಸ್ಟ್ ಅಪಾಯಿಂಟ್‌ಮೆಂಟ್ ಅಮ್ಮಾ... ನಂದು."

"ಯಾವತ್ತು?"

"ಟ್ವೆಂಟಿ ಎಯ್ಟ್."

ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ನಳಿನಿ ದುಂಡಗೆ ಬರೆದಳು: ದಿಯಾ, ಹಲ್ಲು.

ಅಮ್ಮ ನಂಬಿಬಿಟ್ಟಳು! ಇಷ್ಟು ವರ್ಷ ನಂಬಿದಂತೆಯೇ ಇದನ್ನೂ ನಂಬಿದಳು... ದಿಯಾ ಬಾಲ್ಕನಿಗೆ ಹೋದಳು, ಕೋಣೆಗೆ ಹೋದಳು, ಮತ್ತೆ ಅಡಿಗೆಮನೆಗೆ ಬಂದಳು. ಎಲ್ಲಿ ನಿಂತರೂ ಕಾಲು ನಿಲ್ಲಲಿಲ್ಲ. ಅಮ್ಮ ಉತ್ತರಿಸದೆ ಸುಮ್ಮನಿದ್ದರೆ ನ್ಯಾಯಾಲಯದಲ್ಲಿ ಅಪ್ಪನ ಮಾತೊಂದೇ ಉಳಿಯುತ್ತದೆ. ಹಾಗೆ ಸುಮ್ಮನಾಗಿಸಿದವಳು ತಾನೇ!

"ಅಮ್ಮಾ, ಸಾರಿ. ಸುಳ್ಳು ಹೇಳ್ದೆ. ಫಸ್ಟಿಂದ ಓದ್ತೀನಿ, ಕೂತ್ಕೊ."

ಒಂದು ಸಾಲನ್ನೂ ಬಿಡದೆ ಓದಿದಳು. ನಳಿನಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೇಳಿದಳು. ಬಳಿಕ ಎದ್ದು 'ದಿಯಾ, ಹಲ್ಲು' ಎಂಬುದನ್ನು ಹೊಡೆದುಹಾಕಿ, 'ಉತ್ತರ' ಎಂದು ಬರೆದಳು. ಆ ಅಕ್ಷರಗಳು ದುಂಡಗಿರಲಿಲ್ಲ. ಮಗಳತ್ತ ತಿರುಗಿದಾಗ ಅವಳ ಕಣ್ಣು ತುಂಬಿತ್ತು.

"ಬರೋವಾಗ ನಗ್ತಾ ಬಂದ್ಯಲ್ಲ, ಏನೋ ಹೇಳೋದಿತ್ತು ನಿಂಗೆ. ಏನದು?"

ದಿಯಾ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ವಿವಾನನ ಹೆಸರು ಹೇಳಿದಳು. ನಳಿನಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ಹೂಂ, ಆಮೇಲೆ?" ಎಂದಳು.

ಬಾಲ್ಯವು ಆ ಸಂಜೆ ಆ ಮನೆಯಿಂದ ಹೊರಟುಹೋಯಿತು, ನಿಜ. ಆದರೆ ತನ್ನ ದುಃಖವನ್ನು ಬದಿಗಿಟ್ಟು ಮಗಳ ಹಿಗ್ಗನ್ನು ಕೇಳಲು ಕುಳಿತ ತಾಯಿಯ ಎದುರಿನಲ್ಲೇ ಹೊರಟುಹೋಯಿತು... ಅಷ್ಟು ಪುಣ್ಯ, ಸಹೃದಯರೇ, ಎಲ್ಲರ ಪಾಲಿಗೂ ಬರುವುದಿಲ್ಲ!